ಕುಲಾವಿಯ ಹೊಲಿಗೆ

ರೀ,

ಹೀಗೆ ಕರೆಯುವ ಹಕ್ಕು ಈಗ ಬಿಂದುಶ್ರೀಯದು. ಈ ಪತ್ರ ನಿಮ್ಮ ಕೈಸೇರುವುದಿಲ್ಲವೆಂಬ ಧೈರ್ಯದಿಂದ ಕರೆಯುತ್ತಿದ್ದೇನೆ.

ನಿಮ್ಮ ಮಗುವಿಗೆ ಕುಲಾವಿ ಹೊಲಿಸಲು ಅವಳು ನಿನ್ನೆ ರಿಪ್ಪನ್‌ಪೇಟೆಯ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದಳು. ನಾನು ನಿಮ್ಮ ಮೊದಲ ಹೆಂಡತಿಯೆಂದು ಅವಳಿಗೆ ಗೊತ್ತಿಲ್ಲ. ಫೋನಿನಲ್ಲಿ ಮಗುವನ್ನೆತ್ತಿಕೊಂಡ ನಿಮ್ಮನ್ನು ತೋರಿಸಿದಳು.

"ನಮ್ಮನೆಯವ್ರಿಗೆ ವೀರ್ಯದ ನಾಳ ಕಟ್ಟಿತ್ತು ಅಕ್ಕಾ. ಡಾಕ್ಟ್ರು ಮೈಕ್ರೋಸ್ಕೋಪಲ್ಲಿ ನೋಡ್ಕಂಡು, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲ್ದು ಸರಿ ಮಾಡಿದ್ರು. ಅದಕ್ಕೂ ಮುಂಚೆ ಅತ್ತೆ ನಂಗೆ ಬಂಜೆ ಅಂದಾಗ, 'ದೋಷ ನಂದು, ಅವಳಿಗೇನೂ ಅನ್ಬೇಡ' ಅಂತ ಎಲ್ಲರೆದುರೇ ಹೇಳಿದ್ರು."

ನಮಗೆ ಮಕ್ಕಳಾಗದಿದ್ದಾಗ ನಾನು ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ನೀವು ಒಮ್ಮೆಯೂ ಬರಲಿಲ್ಲ. ನಿಮ್ಮ ತಂಗಿಯ ಸೀಮಂತದಲ್ಲಿ ಅತ್ತೆ ನನ್ನ ಕೈಯಿಂದ ಬಳೆಯ ತಟ್ಟೆ ಕಸಿದು ನನ್ನನ್ನು ಒಳಗೆ ಕಳಿಸಿದಾಗ, ನೀವು ಅಲ್ಲೇ ನಿಂತು ನೆಂಟರಿಗೆ ಎಲೆ ಅಡಿಕೆ ಕೊಡುತ್ತಿದ್ದಿರಿ.

ಹೊಟ್ಟೆ ಉರಿದು ಕುಲಾವಿಯನ್ನು ಬೇಕೆಂದೇ ಬಿಗಿಯಾಗಿ ಹೊಲಿದೆ. ಬೆಳಿಗ್ಗೆಯಿಂದ ಅದನ್ನೇ ಬಿಚ್ಚಿ ಸಡಿಲ ಮಾಡುತ್ತಾ ಕೂತಿದ್ದೇನೆ.

ಸಂಜೆ ಅವಳು ಬರುತ್ತಾಳೆ. ನೀವು ಎಲ್ಲರೆದುರು ಹೇಳಿದ ಆ ಮಾತನ್ನು ಇನ್ನೊಂದು ಸಲ ಅವಳ ಬಾಯಿಂದ ಹೇಳಿಸಿ ಕೇಳಬೇಕು.