ಗಾಳಿಯ ಸಾಲು

ಏಪ್ರಿಲ್ 11, ಬೆಳಿಗ್ಗೆ

ಅಕ್ಕಿ ಹಸನು ಮಾಡುವುದನ್ನು ಅರ್ಧಕ್ಕೇ ಬಿಟ್ಟು ಫೋನಿನಲ್ಲಿ ಹವಾಮಾನದ ಬುಲೆಟಿನ್ ಓದಿದೆ. ಬೇಸಿಗೆ ಮುಗಿಯುವವರೆಗೆ ವಾಡಿಕೆಗಿಂತ ಹೆಚ್ಚು ಬಿಸಿಲು. ಮೇ ತಿಂಗಳಲ್ಲಿ ಗುಡುಗು, ಬಿರುಗಾಳಿ, ಅಲ್ಲಲ್ಲಿ ಮುಂಗಾರಿಗೂ ಮುಂಚಿನ ಅಡ್ಡಮಳೆ. ಒಣಹುಲ್ಲು, ಮೇವಿನ ಬಣವೆಗಳಿಗೆ ಬೆಂಕಿ ತಗಲುವ ಸಂಭವ — ಎಚ್ಚರ. ಎಲ್ಲವನ್ನೂ ನಮ್ಮ ಮಾತಿನಲ್ಲಿ ಹೇಳಿ ನಮ್ಮೂರು ಹೆಬ್ಬಳ್ಳಿಯ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ದಿನಾ ಇದೇ ಕೆಲಸ. ಸಂಬಳವಿಲ್ಲ, ಯಾರೂ ಹೇಳಿದ್ದೂ ಅಲ್ಲ. ಆದರೆ ನನ್ನ ದನಿ ಕೇಳದೆ ಈ ಊರಲ್ಲಿ ಒಬ್ಬರೂ ಮೆಣಸಿನಕಾಯಿ ಒಣಹಾಕುವುದಿಲ್ಲ. ನನಗಷ್ಟು ಸಾಕು.

ಗಂಡನಿಗೆ ಅದಕ್ಕೂ ಉರಿ. "ಗಂಡಗ ಚಾ ಇಲ್ಲ, ಊರಿಗೆಲ್ಲಾ ಹವಾಮಾನ!" ಅಂತ ಗೊಣಗಿ ಟೆಂಪೊ ಹತ್ತಿ ಹುಬ್ಬಳ್ಳಿಗೆ ಹೋದ. ಹೋಗಲಿ.

ಏಪ್ರಿಲ್ 23

ಇವತ್ತು ಸಂಜೆ ಮಳೆ ಅಂದಿದ್ದೆ. ಬರಲಿಲ್ಲ. ಪಕ್ಕದ ಅಮ್ಮಿನಬಾವಿಯಲ್ಲಿ ಬಿತ್ತಂತೆ, ಇಲ್ಲಿ ಹನಿಯೂ ಇಲ್ಲ. ನನ್ನ ತಪ್ಪೇ? ಮೋಡವೇನು ನನ್ನ ತವರಿನವರೇ?

ಹಾಲಿನ ಡೇರಿ ಮುಂದೆ ನಿಂತಿದ್ದೆ. ಎದುರುಮನೆಯ ಗುರುಶಿದ್ದಪ್ಪ ಬಂದ. ಇಳಿಬಿಸಿಲಲ್ಲಿ ಛತ್ರಿ ಬಿಚ್ಚಿಕೊಂಡು!

"ದಾಕ್ಷಾಯಿಣಿ ಅಕ್ಕಾರ, ನಿಮ್ಮ ಮಳಿ ಫೋನಿನಾಗ ಅಷ್ಟ ಬೀಳ್ತೈತೇನ್ರಿ? ತೊಯ್ಸಿಕೊಂಡೇನು ಅಂತ ಛತ್ರಿ ತಂದೇನಿ ನೋಡ್ರಿ!"

ಎಲ್ಲರೂ ನಕ್ಕರು. ನಮ್ಮ ಓಣಿಯ ಗುಲ್ಜಾರಬಿ ಹಾಲಿನ ಕ್ಯಾನ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಏಪ್ರಿಲ್ 24

ಛತ್ರಿಯ ಫೋಟೊ ಗ್ರೂಪಿನಲ್ಲಿ ಬಂದಿದೆ. ಕೆಳಗೆ ನಗುವ ಮುಖಗಳು... ಮೇಲೆ ಎಳೆದಷ್ಟೂ ಬರುತ್ತಲೇ ಇವೆ. ನನ್ನ ಇವತ್ತಿನ ಮೆಸೇಜ್ ಅವುಗಳ ನಡುವೆ ಎಲ್ಲೋ ಹೋಗಿಬಿಟ್ಟಿದೆ. ಆ ಗುರುಶಿದ್ದಪ್ಪನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಮೇ 13, ಬೆಳಿಗ್ಗೆ

ಬುಲೆಟಿನ್: ಮಧ್ಯಾಹ್ನದ ನಂತರ ಗುಡುಗು ಸಹಿತ ಮಳೆ. ಮಳೆಗೂ ಮೊದಲು ಜೋರು ಗಾಳಿ. ಹೊಲದಲ್ಲಿ ಬೆಂಕಿ ಹಚ್ಚಬಾರದು.

ಗ್ರೂಪಿಗೆ ಇನ್ನೂ ಹಾಕಿರಲಿಲ್ಲ, ಗುರುಶಿದ್ದಪ್ಪ ಬಂದ. ಛತ್ರಿಯ ದಿನ ಅವನಿಗೆ ನೆನಪೇ ಇದ್ದಂತಿಲ್ಲ. ನಗುತ್ತಲೇ ಬಂದ.

"ಅಕ್ಕಾರ, ಬದುವಿನ ಹುಲ್ಲು ಸುಡಬೇಕಾಗೇತಿ. ಇವತ್ತ ಮಳಿ ಖರೇನ ಬರ್ತೈತೇನ್ರಿ? ಬಂದ್ರ ಛಲೋ ಆತು. ಮಧ್ಯಾಹ್ನ ಹಚ್ಚಿಬಿಡ್ತೇನಿ, ಮಳೀನ ಆರಸ್ತೈತಿ."

ಇಲ್ಲಿ ಹಾಗೆಯೇ ಮಾಡುತ್ತಾರೆ. ಮಳೆಯ ದಿನ ನೋಡಿ ಬದು ಸುಡುತ್ತಾರೆ. ಕೊಡ ಹೊತ್ತು ಬೆಂಕಿ ಆರಿಸುವ ಕೆಲಸ ತಪ್ಪುತ್ತದೆ, ಬೂದಿ ಅಲ್ಲೇ ಹೊಲಕ್ಕೆ ಇಳಿಯುತ್ತದೆ.

"ಬರ್ತೈತಿ. ಖರೇನ ಬರ್ತೈತಿ," ಅಂದೆ.

ಗಾಳಿಯ ಸಾಲು ನಾಲಿಗೆ ತುದಿಯಲ್ಲಿತ್ತು. ನುಂಗಿಬಿಟ್ಟೆ. ಧೋತರ ಎತ್ತಿಕಟ್ಟಿ ಬಕೆಟ್ ಹಿಡಿದು ಓಡಾಡಲಿ. ಊರು ನೋಡಿ ನಗಲಿ. ಅವನು ಹೊಲದ ದಾರಿ ಹಿಡಿದ ಮೇಲೆ ಗ್ರೂಪಿಗೆ ಪೂರ್ತಿ ಹಾಕಿದೆ — ಮಳೆ, ಗಾಳಿ, ಬೆಂಕಿ ಹಚ್ಚಬೇಡಿ, ಎಲ್ಲ. ಅವನ ಫೋನ್ ಹಗಲೆಲ್ಲ ಮನೆಯಲ್ಲಿ ಚಾರ್ಜಿಗೆ ಇರುತ್ತದೆ. ನನಗೆ ಗೊತ್ತು.

ಮೇ 13, ಸಂಜೆ

ಗಾಳಿ ಮೊದಲು ಬಂತು.

ಅವನ ಬದುವಿನಾಚೆ ಗುಲ್ಜಾರಬಿಯ ಬಣವೆ. ಬಣವೆಗೆ ಹೊಂದಿಕೊಂಡೇ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಗಬ್ಬದ ಎಮ್ಮೆ, ಕಟ್ಟಿಹಾಕಿದ್ದು. ಹಗ್ಗ ಬಿಚ್ಚಲು ನುಗ್ಗಿ ಗುಲ್ಜಾರಬಿಯ ಎರಡೂ ಕೈ... ಹಗ್ಗ ಬಿಚ್ಚಲಾಗಲಿಲ್ಲ. ಎಮ್ಮೆ ಕೂಗಿದ್ದು ನಮ್ಮ ಅಡುಗೆಮನೆಯವರೆಗೆ ಕೇಳಿತು. ತುಂಬ ಹೊತ್ತು ಕೇಳಿತು.

ಆಮೇಲೆ ಮಳೆ ಬಂತು. ದಪ್ಪ ಹನಿ. ನಾನು ಹೇಳಿದಂತೆಯೇ.

ಮೇ 18

ಡೇರಿ ಕಟ್ಟೆಯ ಮೇಲೆ ಹಿರಿಯರು ಕೂಡಿದ್ದರು. ಗುರುಶಿದ್ದಪ್ಪ ಕೈಮುಗಿದು ನಿಂತಿದ್ದ.

"ಅಕ್ಕಾರನ್ನ ಕೇಳಿನ ಹಚ್ಚೇನ್ರಿ. ಮಳಿ ಅಂದ್ರು. ಗಾಳಿ ಅನ್ನಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ದನಿ ನಡುಗಲಿಲ್ಲ.

"ಮಳಿನೂ ಹೇಳೇನಿ, ಗಾಳಿನೂ ಹೇಳೇನಿ. ಬೆಂಕಿ ಹಚ್ಚಬ್ಯಾಡ್ರಿ ಅಂತನೂ ಹೇಳೇನಿ. ಗ್ರೂಪಿನಾಗ ಐತಿ, ಹಚ್ಚಿ ಕೇಳ್ರಿ."

ಯಾರೋ ಫೋನಿನಲ್ಲಿ ಹಚ್ಚಿದರು. ನನ್ನದೇ ದನಿ. ಎಷ್ಟು ಸ್ಪಷ್ಟ, ಎಷ್ಟು ಕಾಳಜಿ! ಗುರುಶಿದ್ದಪ್ಪ ಮುಗಿದ ಕೈ ಇಳಿಸಿದ. ಅವನ ಹಾಲುಕೊಡುವ ಎಮ್ಮೆ ಗುಲ್ಜಾರಬಿಯ ಮನೆಗೆ ಹೋಗಬೇಕೆಂದು ತೀರ್ಮಾನವಾಯಿತು. ತಾನೇ ಹಿಡಿದುಕೊಂಡು ಹೋಗಿ ಕಟ್ಟಿಬಂದ. ಅವನ ಹೆಂಡತಿ ದುರ್ಗಾ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ನಡೆದಳು.

ಈಗ ನನ್ನ ಮೆಸೇಜಿಗೆ ಯಾರೂ ನಗುವುದಿಲ್ಲ. ಸುಖವಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಇವತ್ತೊಂದು ದಿನ ಸುಖವಾಯಿತು.

ಮೇ 30

ಗುಲ್ಜಾರಬಿ ಆಸ್ಪತ್ರೆಯಿಂದ ಬಂದಿದ್ದಾಳೆ. ನೋಡಲು ಹೋದೆ. ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ. ಸೊಸೆ ಉಜ್ಮಾ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಬೆರಳು ಮಡಚಲು ಬರುವುದಿಲ್ಲವಂತೆ. ಇನ್ನು ಹಾಲು ಹಿಂಡುವುದು ಆಗದಂತೆ.

"ನೀ ಹೇಳಿದ್ದಿಯಂತಲ್ಲ ಬೇಟಿ, ಅಂವ ಕೇಳಲಿಲ್ಲ. ಆವತ್ತ ನಾನೂ ನಕ್ಕಿದ್ದೆ ನೋಡು. ಮಾಫ್ ಮಾಡು."

"ಬಿಡ್ರಿ," ಅಂದೆ. ತಂದ ಬಾಳೆಹಣ್ಣು ಅಲ್ಲಿಟ್ಟು ಬಂದೆ.

ಜೂನ್ 3

ಗುರುಶಿದ್ದಪ್ಪ ಬಂದಿದ್ದ. ಬಾ ಅಂದರೂ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತ.

"ಅಕ್ಕಾರ, ನೀವು ಗಾಳಿ ಮಾತು ಹೇಳಿದ್ದು ಎಷ್ಟು ನೆನಸಿದ್ರೂ ನೆನಪಿಗೆ ಬರವಲ್ದು. ಆದ್ರ ನೀವ್ಯಾಕ ಸುಳ್ಳು ಹೇಳ್ತೀರಿ? ನನಗ ಮರವು ಬಂದೈತಿ. ದುರ್ಗಾನೂ ಹಂಗ ಅಂತಾಳ. ಹುಬ್ಬಳ್ಳಾಗ ಡಾಕ್ಟರ್‌ಗೆ ತೋರಿಸಿ ಬಂದ್ವಿ. ಇನ್ನ ಮ್ಯಾಲ ನನಗೇನೂ ಹೇಳಬ್ಯಾಡ್ರಿ. ಆಕಿಗೆ ಹೇಳ್ರಿ."

ಕೈಮುಗಿದ. ನನಗೆ!

ವಯಸ್ಸೇನು ಆಗಿದೆ ಅವನಿಗೆ? ನನ್ನ ಗಂಡ ಲಕ್ಕಪ್ಪನ ವಾರಿಗೆಯವನು. ಮೆಟ್ಟಿಲಿಳಿದು ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬಂತೆ ಅರೆಗಳಿಗೆ ನಿಂತ. ಅವನ ಮನೆ ಎದುರಿಗೇ ಇದೆ.

ಜೂನ್ 4, ಬೆಳಿಗ್ಗೆ

ದುರ್ಗಾ ಬಂದಿದ್ದಳು. ಇವತ್ತಿನ ಬುಲೆಟಿನ್ ಒಂದಕ್ಷರ ಬಿಡದೆ ಓದಿದೆ. ಮಳೆ ಎಷ್ಟೊತ್ತಿಗೆ, ಗಾಳಿ ಯಾವ ದಿಕ್ಕಿನಿಂದ, ಸಿಡಿಲು ಎಲ್ಲಿ. ಎರಡು ಸಲ ಓದಿದೆ. ಅವಳು ಸಾಲಿ ಹುಡುಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು.

"ಹೊಲಕ್ಕ ಒಬ್ರನ್ನ ಬಿಡಂಗಿಲ್ರಿ ಅವರನ್ನ. ಒಳಗ ಕುಂದ್ರಿಸಿ ಕೀಲಿ ಹಾಕಿ ಬಂದೇನಿ. ಕಡ್ಡಿಪೆಟ್ಟಗಿನೂ ಮುಚ್ಚಿಟ್ಟೇನಿ. ಉಂಡೇನಿಲ್ಲೋ ಅಂತ ನನ್ನ ಕೇಳ್ತಾರ್ರಿ."

ನಾನು ಫೋನ್ ಕೆಳಗಿಟ್ಟೆ.

"ಎಲ್ಲಾ ಹೇಳಿದ್ರಿಲ್ಲ ಅಕ್ಕಾರ? ಮತ್ತೇನರ ಉಳದೈತೇನ್ರಿ?"

"ಇಲ್ಲವಾ. ಎಲ್ಲಾ ಹೇಳೇನಿ."

ಹೋದಳು. ಕಿಟಕಿಯಿಂದ ಕಾಣುತ್ತದೆ — ಕೀಲಿ ತೆಗೆದಳು. ಅವನು ಹೊರಗೆ ಬಂದು ಮುಗಿಲು ನೋಡಿದ, ಅವಳ ಮುಖ ನೋಡಿದ, ಏನೋ ಕೇಳಿದ. ಅವಳು ತೋಳು ಹಿಡಿದು ಮತ್ತೆ ಒಳಗೆ ಕಳಿಸಿದಳು.

ಹೋಗಿ ಹೇಳಿಬಿಡೋಣ ಎಂದು ಎದ್ದು ಚಪ್ಪಲಿ ಮೆಟ್ಟಿದೆ. ಬಾಗಿಲವರೆಗೆ ಹೋದೆ. ಗ್ರೂಪಿಗೆ ಇವತ್ತಿನ ಮೆಸೇಜ್ ಇನ್ನೂ ಹಾಕಿಲ್ಲ, ಜನ ಕಾಯುತ್ತಿರುತ್ತಾರೆ... ಮೊದಲು ಅದನ್ನು ಹಾಕಿಬಿಡುತ್ತೇನೆ.