ಗೆರೆಯಿಂದ ಎರಡು ಹೆಜ್ಜೆ ಒಳಗೆ

ಜೂನ್ 9, ಸೋಮವಾರ. ಬೆಳಿಗ್ಗೆ 6.20

ಕಾಲಿಗೆ ಟೇಪು ಸುತ್ತಿ ಆಯಿತು. ಎಡ ಪಾದಕ್ಕೆ ಎರಡು ಸುತ್ತು, ಬಲಕ್ಕೆ ಒಂದು. ರೂಮಿನವಳು ಇನ್ನೂ ಎದ್ದಿಲ್ಲ. ಆರಡಿ ಎರಡಂಗುಲ. ಮಂಚ ಸಾಲದೆ ಪಾದಗಳು ಹೊರಗೆ. ತಂಡದವರೆಲ್ಲ ಅವಳನ್ನು ಏಣಿ ಎನ್ನುತ್ತಾರೆ. ನನಗೆ ಲೈಬ್ರರಿ ಎಂದು ಹೆಸರಿಟ್ಟವಳು ಅವಳೇ. ಬಸ್ಸಿನಲ್ಲಿ ಅನುವಾದದ ಕಾದಂಬರಿ ಓದುತ್ತೇನಲ್ಲ, ಅದಕ್ಕೆ. ಈಗ ಓದುತ್ತಿರುವುದರಲ್ಲಿ ಒಬ್ಬಾತ ಮೂರು ದಿನದಿಂದ ಹಿಮದಲ್ಲಿ ರೈಲಿಗೆ ಕಾಯುತ್ತಿದ್ದಾನೆ. "ಇನ್ನೂ ಬಂದಿಲ್ವಾ ರೈಲು?" ಎಂದು ಏಣಿ ದಿನಾ ವಿಚಾರಿಸುತ್ತಾಳೆ.

ಬ್ಯಾಸ್ಕೆಟ್‌ಬಾಲ್ ಕ್ಯಾಂಪಿನಲ್ಲಿ ಹದಿನಾಲ್ಕು ಜನ. ತಿಂಗಳ ಕೊನೆಗೆ ತಂಡದಲ್ಲಿ ಉಳಿಯುವವರು ಹನ್ನೆರಡು. ಗಾರ್ಡ್‌ಗಳು ನಾಲ್ವರು, ಅಂದರೆ ಚೆಂಡನ್ನು ಆ ತುದಿಯಿಂದ ಈ ತುದಿಗೆ ತಂದು ಹಂಚುವವರು. ನಾಲ್ವರಲ್ಲಿ ಒಬ್ಬಳಾದರೂ ಹೋಗುತ್ತಾಳೆ. ಎಲ್ಲರಿಗಿಂತ ಹೊಸಬಳು ನಾನೇ.

ಜೂನ್ 11, ಬುಧವಾರ. ಸಂಜೆ

ಇವತ್ತೂ ಅದೇ. ಬಲಕ್ಕೆ ನುಗ್ಗಿದೆ, ಇಬ್ಬರು ಅಡ್ಡ ಬಂದರು, ತಿರುಗಿ ನೋಡದೆ ಎಡ ಮೂಲೆಗೆ ಪಾಸ್ ಕೊಟ್ಟೆ. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಹೋಗಿ ಫಿಸಿಯೋ ಅವರ ಐಸ್ ಡಬ್ಬಿಗೆ ಬಡಿಯಿತು. ಐಸೆಲ್ಲ ನೆಲದ ಮೇಲೆ.

ಕೋಚ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲಿ ಯಾರಮ್ಮ ಇದ್ರು? ನಿಮ್ಮ ಮನೆಯವರಾ?"

"ಹೌದು ಮೇಡಂ. ಅಕ್ಕ."

ಬಾಯಿಂದ ಹೊರಟೇಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ.

ಐಸ್ ಆರಿಸುವಾಗ ಏಣಿ ಹೇಳಿದಳು: "ನಿನ್ನ ಪಾಸ್ ಹಿಡಿಯೋಕೆ ಅಲ್ಲೊಂದು ಭೂತವನ್ನ ಸಂಬಳಕ್ಕೆ ಇಟ್ಕೋಬೇಕು ನೋಡು."

ಜೂನ್ 14, ಶನಿವಾರ. ಮಧ್ಯಾಹ್ನ

ವಿಡಿಯೋ ರೂಮಿಗೆ ಕರೆದಿದ್ದರು. ವಿಡಿಯೋ ಸರ್ ತುಂಬಾ ಮೆತ್ತಗಿನ ಮನುಷ್ಯ. ತಪ್ಪು ನಮ್ಮದಾದರೂ ತೋರಿಸುವುದಕ್ಕೆ ಅವರಿಗೇ ಸಂಕೋಚ. ಈ ವಾರ ನಾನು ಕಳೆದುಕೊಂಡ ಚೆಂಡು ಹನ್ನೊಂದು. ಒಂದೊಂದಕ್ಕೂ ಪರದೆಯ ಮೇಲೆ ಕೆಂಪು ಚುಕ್ಕೆ. ಎರಡು ಚುಕ್ಕೆ ಅಲ್ಲಲ್ಲಿ. ಉಳಿದ ಒಂಬತ್ತು ಒಂದರ ಮೇಲೊಂದು ಕೂತಿದ್ದವು. ಎಡ ಮೂಲೆ. ಗೆರೆಯಿಂದ ಎರಡು ಹೆಜ್ಜೆ ಒಳಗೆ.

"ಇದು ಕೈತಪ್ಪಲ್ಲ ಕಣಮ್ಮ," ಎಂದರು. "ಇದು ವಿಳಾಸ."

ಜೂನ್ 15, ಭಾನುವಾರ

ರಜೆ. ಬಟ್ಟೆ ಒಗೆದೆ. ಓದಲು ಕೂತೆ, ಒಂದೇ ಪುಟ ನಾಲ್ಕು ಸಲ ಓದಿದೆ.

ಮನೆಯ ಹಿಂದೆ ನೀರಿನ ಟ್ಯಾಂಕಿನ ಕಂಬ. ಅದಕ್ಕೆ ಅಪ್ಪ ಬಿಗಿದುಕೊಟ್ಟ ರಿಂಗು ಎಡಕ್ಕೆ ತುಸು ವಾಲಿತ್ತು. ಆ ಕಡೆಯಿಂದ ಹಾಕಿದರೆ ಬೀಳುವುದು ಸುಲಭ. ಅಕ್ಕ ನನಗಿಂತ ಒಂದೇ ವರ್ಷ ದೊಡ್ಡವಳು, ಆದರೆ ಸುಲಭದ ಕಡೆ ಯಾವಾಗಲೂ ಅವಳದ್ದು. ತಂದುಕೊಡುವುದು ನನ್ನ ಕೆಲಸ. ಅಮ್ಮ ಒಳಗಿನಿಂದ, "ಚೆಂಡು ನನ್ನ ಪಾತ್ರೆಗೆ ಬಿದ್ರೆ ಇಬ್ರಿಗೂ ಊಟ ಇಲ್ಲ!" ಬೀಳುತ್ತಿತ್ತು. ಊಟವೂ ಸಿಗುತ್ತಿತ್ತು.

ಕಾಲೇಜಿನಲ್ಲಿ ಎರಡು ವರ್ಷ ಒಂದೇ ತಂಡ. ಅಲ್ಲಿಯೂ ಅವಳು ಎಡ ಮೂಲೆಯಲ್ಲೇ. ನಾನು ಬಲಕ್ಕೆ ಓಡಿ, ಎಲ್ಲರನ್ನೂ ನನ್ನ ಹಿಂದೆ ಎಳೆದುಕೊಂಡು, ಬೆನ್ನ ಹಿಂದಿನಿಂದ ಚೆಂಡು ಬಿಡುತ್ತಿದ್ದೆ. ನೋಡಬೇಕಾಗಿರಲಿಲ್ಲ. ಮೊದಲು ಬಲೆಯ ಸದ್ದು, ಆಮೇಲೆ ಜನರ ಸದ್ದು. ಈ ಇಬ್ಬರಿಗೆ ಬೆನ್ನಲ್ಲೂ ಕಣ್ಣು ಎನ್ನುತ್ತಿದ್ದರು. ಆ ಪಾಸ್ ನೋಡಿಯೇ ಈ ಕ್ಲಬ್‌ನವರು ನನ್ನನ್ನು ಕರೆದದ್ದು. ಅಕ್ಕನನ್ನು ಯಾಕೆ ಕರೆಯಲಿಲ್ಲ ಎಂದು ಎಷ್ಟು ದಿನ ಸಿಟ್ಟಾಗಿದ್ದೆ. ಅವಳಿಗೆ ಸಿಟ್ಟಿರಲಿಲ್ಲ. ಅಂಚೆ ಕಚೇರಿಯ ಪಾರ್ಸಲ್ ಕೌಂಟರಿಗೆ ಸೇರಿದಳು. "ಕೂತು ಮಾಡೋ ಕೆಲಸ, ರಾಣಿ ಹಾಗೆ," ಎಂದಳು.

ಜೂನ್ 17, ಮಂಗಳವಾರ. ಸಂಜೆ 5

ಧೈರ್ಯ ಮಾಡಿ ಮೇಡಂ ಹತ್ತಿರ ಹೋದೆ. ಎಡ ಮೂಲೆಯಲ್ಲಿ ಯಾರನ್ನಾದರೂ ನಿಲ್ಲಿಸಿದರೆ ನನ್ನ ಪಾಸ್ ಒಂದೂ ತಪ್ಪುವುದಿಲ್ಲ ಎಂದೆ.

"ಯಾರನ್ನಾದ್ರೂ ಗೂಟ ಹೊಡೆದ ಹಾಗೆ ಒಂದೇ ಕಡೆ ನಿಲ್ಲಿಸ್ಲಾ? ಎದುರಾಳಿಗಳು ಸುಮ್ನಿರ್ತಾರಾ? ಕಾಲೇಜು ಮ್ಯಾಚಲ್ಲಿ ನಡೀತು, ಸರಿ. ಇಲ್ಲಿ ಎಲ್ರೂ ಓಡ್ತಾರೆ." ಶೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಅದಿರ್ಲಿ, ನಿಮ್ಮಕ್ಕ ಯಾಕೆ ಓಡ್ತಿರಲಿಲ್ಲ?"

ಅದೊಂದು ಪ್ರಶ್ನೆ ಎಂದೇ ಗೊತ್ತಿರಲಿಲ್ಲ.

"ಇಪ್ಪತ್ತೆಂಟಕ್ಕೆ ಕೊನೇ ಪ್ರಾಕ್ಟೀಸ್ ಮ್ಯಾಚು," ಎಂದರು. "ಅವತ್ತೂ ಹಿಂಗೇ ಆದ್ರೆ ನನ್ ಕೈಲಿ ಏನೂ ಇಲ್ಲ, ಮಗಳೇ."

ಜೂನ್ 18, ಬುಧವಾರ

ಬೆಳಿಗ್ಗೆ ಅಕ್ಕನಿಗೆ ಫೋನು.

"ನೀನ್ಯಾಕೆ ಯಾವಾಗ್ಲೂ ಎಡ ಮೂಲೇಲೇ ನಿಲ್ತಿದ್ದೆ?"

"ಈಗ್ಯಾಕೆ ಅದು? ಇಲ್ಲಿ ಕ್ಯೂ ಇದೆ ಕಣೇ... ಸ್ಟಾಂಪ್ ಆ ಕೌಂಟರಲ್ಲಿ ಸರ್, ಇಲ್ಲಿ ಪಾರ್ಸಲ್ ಮಾತ್ರ... ಸಂಜೆ ಮಾಡ್ತೀನಿ."

ಸಂಜೆ 6.40ಕ್ಕೆ ಮಾಡಿದಳು. ಬೇರೆ ಏನೇನೋ ಮಾತಾಡಿದಳು. ಆಮೇಲೆ:

"ಮಂಡಿ ಹೋಗಿತ್ತು ಕಣೇ. ನೀನು ಕಾಲೇಜಿಗೆ ಬರೋಕೆ ಮುಂಚೇನೇ. ಓಡಿ ನಿಂತ್ರೆ ಒಳಗೆ ಏನೋ ಜರುಗಿದ ಹಾಗೆ. ಹೆಂಗೋ ಆ ಮೂಲೆ ಸೇರ್ಕೊಂಡ್ರೆ ಸಾಕು ಅಂತಿದ್ದೆ."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಕೂರಿಸ್ತಿದ್ರು. ನಾನೇ ಬಿಟ್ಬಿಡೋಣ ಅಂತಿದ್ದೆ, ಅಷ್ಟರಲ್ಲಿ ನೀನು ಬಂದೆ. ತಿರುಗಿ ಕೂಡ ನೋಡ್ದೆ ಸೀದಾ ನನ್ ಕೈಗೇ ಹಾಕ್ತಿದ್ದೆ. ಒಂದು ಹೆಜ್ಜೆ ಕೂಡ ಇಡಬೇಕಾಗಿರಲಿಲ್ಲ. ಕೋತಿ, ನಿನ್ನಿಂದ ಎರಡು ವರ್ಷ ಆಡ್ದೆ ನಾನು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಅಳಬೇಡ."

"ಅಳ್ತಿಲ್ಲ."

"ಮೂಗು ಸೊರ್ ಅಂತಿದೆ."

ನಾನು ಪಾಸ್ ಕೊಡದಿದ್ದರೆ ಅವಳು ಆಗಲೇ ಬಿಡುತ್ತಿದ್ದಳು. ಬಿಟ್ಟಿದ್ದರೆ ಮಂಡಿ ಉಳಿಯುತ್ತಿತ್ತೇ? ಕೇಳಲಿಲ್ಲ. ಕಣ್ಣು ಮುಚ್ಚಿದರೂ ನಮಗೆ ಒಬ್ಬರಿಗೊಬ್ಬರು ಗೊತ್ತು ಎಂದುಕೊಂಡಿದ್ದೆ. ನನಗೆ ಗೊತ್ತಿದ್ದದ್ದು ಅವಳು ನಿಲ್ಲುವ ಜಾಗ, ಅಷ್ಟೇ.

ಜೂನ್ 28, ಶನಿವಾರ. ಸಂಜೆ 7.30

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಬೆಳಿಗ್ಗೆ ಇನ್ನೂರು ಸಲ, ಸಂಜೆ ಇನ್ನೂರು ಸಲ—ಬಲಕ್ಕೆ ಓಡು, ನಿಲ್ಲು, ತಲೆಯೆತ್ತು, ನೋಡು, ಆಮೇಲೆ ಕೊಡು. ಎಡ ಮೂಲೆಯಲ್ಲಿ ಮೇಡಂ ಖಾಲಿ ಕುರ್ಚಿಯೊಂದನ್ನು ಹಾಕಿಸಿದ್ದರು, ಯಾರೂ ಇಲ್ಲವೆಂದು ನನಗೆ ಕಾಣಲಿ ಎಂದು. "ಭೂತಕ್ಕೆ ಕಾಲು ನೋವಂತೆ," ಎಂದಳು ಏಣಿ. ಅವಳಿಗೆ ಏನೂ ಗೊತ್ತಿಲ್ಲ. ನಾನು ಹೇಳಿಲ್ಲ.

ಇವತ್ತು ಅಕ್ಕ ಬಂದಳು. ಹಾಲ್‌ಗೆ ಒಂಬತ್ತು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ, ಕಂಬಿ ಹಿಡಿದು ಹತ್ತಿದಳು. ಇಷ್ಟು ವರ್ಷ ನೋಡಿರಲಿಲ್ಲವೇ? ನೋಡಿದ್ದೆ. ಸೋಮಾರಿ ಎಂದು ಬೈದಿದ್ದೆ.

ಮೂರನೇ ಕ್ವಾರ್ಟರಿನಲ್ಲಿ ನನ್ನನ್ನು ಇಳಿಸಿದರು. ಬಲಕ್ಕೆ ನುಗ್ಗಿದೆ. ಇಬ್ಬರು ಬಂದರು. ಕೈ ಆಗಲೇ ಬೆನ್ನ ಹಿಂದೆ ಹೊರಟಿತ್ತು, ಹಿಡಿದು ನಿಲ್ಲಿಸಿದೆ. ಚೆಂಡನ್ನು ಎದೆಗೆ ಅವುಚಿಕೊಂಡು ನಿಂತೇಬಿಟ್ಟೆ. ಐದು ಸೆಕೆಂಡು ಮೀರಿತೆಂದು ಶೀಟಿ. ಚೆಂಡು ಅವರ ಪಾಲಿಗೆ. ಹೊರಗೆ ಕರೆಯುತ್ತಾರೆ ಎಂದುಕೊಂಡೆ. ಮೇಡಂ ಕೂಗಿದರು: "ನೋಡಿದ್ಯಲ್ಲ! ಇನ್ನು ಬೇಗ ನೋಡು!"

ಕೊನೆಯ ಕ್ವಾರ್ಟರ್. ಮೂರು ನಿಮಿಷ ಉಳಿದಿತ್ತು, ಒಂದು ಪಾಯಿಂಟ್ ಹಿಂದಿದ್ದೆವು. ಮತ್ತೆ ಬಲಕ್ಕೆ, ಮತ್ತೆ ಇಬ್ಬರು. ತಲೆಯೆತ್ತಿದೆ. ಎಡ ಮೂಲೆ ಕಂಡಿತು—ಒರೆಸಿದ ಮರದ ನೆಲ, ಅದರ ಮೇಲೆ ದೀಪದ ಬೆಳಕು, ಇನ್ನೇನಿಲ್ಲ. ಏಣಿ ನಡುವಿನಿಂದ ನುಗ್ಗಿ ಬರುತ್ತಿದ್ದಳು. ಎದುರಿನವಳ ತೋಳಿನ ಕೆಳಗಿಂದ ನೆಲಕ್ಕೆ ಬಡಿದು ಕೊಟ್ಟೆ. ಹಿಡಿದಳು. ಹಾಕಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ತಡವಾಗಿ ತಟ್ಟಿದಳು. ಯಾಕೆಂದು ಆಮೇಲೆ ಕೇಳಿದೆ.

"ನಾನು ಆ ಮೂಲೇನೇ ನೋಡ್ತಿದ್ನಲ್ಲೇ," ಎಂದಳು. "ಬಾಲ್ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ."

ಇಬ್ಬರೂ ನಕ್ಕೆವು. ಇಳಿಯುವಾಗ ಕಂಬಿಯ ಬದಲು ನನ್ನ ಭುಜ ಹಿಡಿದಳು.

ಜೂನ್ 30, ಸೋಮವಾರ

ಪಟ್ಟಿ ಹಾಕಿದ್ದಾರೆ. ಹನ್ನೊಂದನೆಯದು ನಾನು. ಏಣಿ ನನ್ನನ್ನು ಎತ್ತಿ ಬಾಗಿಲಿಗೆ ತಲೆ ಬಡಿಸಿದಳು. ಅಮ್ಮ ಫೋನಿನಲ್ಲಿ ಅತ್ತಳು. ಅಕ್ಕ, "ಸಂಬಳ ಬಂದ್ಮೇಲೆ ನೆನಪಿರಲಿ," ಎಂದಳಷ್ಟೇ.

ಆಗಸ್ಟ್ 19, ಮಂಗಳವಾರ. ಸಂಜೆ 5.15

ಲೀಗ್ ಶುರುವಾಗಿ ಎರಡು ವಾರ. ನಾಲ್ಕು ಮ್ಯಾಚು, ಮೂರರಲ್ಲಿ ಆಡಿಸಿದರು. ಎಡ ಮೂಲೆಯ ಚುಕ್ಕೆ ಒಂದೂ ಇಲ್ಲವೆಂದು ವಿಡಿಯೋ ಸರ್ ಹೇಳಿದರು. ಅವರಿಗೆ ಬಹಳ ಖುಷಿ.

ಇವತ್ತು ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳೇ ಉಳಿದೆ. ಸುಮ್ಮನೆ, ಬೇಕೆಂದೇ, ಬಲಕ್ಕೆ ಓಡಿ, ನೋಡದೆ, ಬೆನ್ನ ಹಿಂದಿನಿಂದ ಹಳೆಯ ಪಾಸ್ ಬಿಟ್ಟೆ. ತಿರುಗಿದೆ. ಚೆಂಡು ಗೆರೆಯ ಹೊರಗೆ ಬಿದ್ದಿತ್ತು. ಇನ್ನೊಂದು ಸಲ. ಈ ಸಲ ತೀರಾ ಒಳಗೆ. ಹತ್ತು ಸಲ ಹಾಕಿದೆ. ಹತ್ತೂ ಹತ್ತು ಕಡೆ. ಅವಳು ಅಲ್ಲಿ ನಿಂತಿದ್ದಿದ್ದರೆ ಪ್ರತಿ ಸಲವೂ ಓಡಬೇಕಾಗುತ್ತಿತ್ತು.

ಹಾಲ್ ಮುಚ್ಚುವವರು ಬೀಗ ಅಲ್ಲಾಡಿಸಿದರು. ಇನ್ನೊಂದೇ ಸಲ ಎಂದೆ. ಕಣ್ಣು ಮುಚ್ಚಿಕೊಂಡೆ, ಟ್ಯಾಂಕಿನ ಕಂಬದ ಹತ್ತಿರ ಅವಳು ಹೇಗೆ ನಿಲ್ಲುತ್ತಿದ್ದಳೋ ಹಾಗೆಯೇ ನೆನಪು ಮಾಡಿಕೊಂಡು, ಕೈಯನ್ನು ಬೆನ್ನ ಹಿಂದೆ ಒಯ್ದು ಚೆಂಡು ಬಿಟ್ಟೆ. ಕಣ್ಣು ತೆರೆದಾಗ ಚೆಂಡು ಈ ಸಲವೂ ಗೆರೆಯ ಹೊರಗಿತ್ತು.