ಬುರುಡೆ ಕ್ಲಾಸಿನ ಮೌನಿ

ಮಾರ್ಚ್ ೧೪, ಭಾನುವಾರ
ಊಟವಾದ ಮೇಲೆ

ನನ್ನ ಗುಬ್ಬಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರಿಗೂ ಅದರಲ್ಲಿ ಅರ್ಧ ಕೊಡು, ಎಲ್ಲಾ ನೀನೇ ಇಟ್ಟುಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಗಂಟಲೊಂದನ್ನು ಬಿಟ್ಟು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಗಿದ್ದಕ್ಕೆ ಬೈಯಬೇಡ, ತಿರುಗಿ ಬೈಯಲಾಗದವನನ್ನು ಬೈದ ಪಾಪ ಸುತ್ತಿಕೊಳ್ಳುತ್ತದೆ. ನಾನು ಓದಿದ್ದು ಐದನೇ ಕ್ಲಾಸು, ಅದರಲ್ಲೂ ಮೂರನೇದನ್ನು ರುಚಿ ನೋಡಿ ಎರಡು ಸಲ ಓದಿದವನು. ಒತ್ತಕ್ಷರ ಎಲ್ಲಿ ಹಾಕುವುದು ಅಂತ ಯೋಚಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಫೋನಿನಲ್ಲಿ ಬರೆಯೋಣವೆಂದರೆ ನನ್ನ ಒಂದು ಬೆರಳು ಮೂರು ಅಕ್ಷರ ಒತ್ತುತ್ತದೆ. ಮೊನ್ನೆ ಮಂಡಿ ಯಜಮಾನರಿಗೆ ‘ಚೆನ್ನಾಗಿದ್ದೇನೆ’ ಅಂತ ಕಳಿಸಲು ಹೋಗಿ ಏನು ಹೋಯಿತೋ, ಅವರು ಅಳುವ ಮುಖದ ಗೊಂಬೆ ಕಳಿಸಿದರು.

ತಮಾಷೆ ನೋಡು. ಈಗ ಒಳಗೆ ಅಮ್ಮ ಫೋನಿನಲ್ಲಿ ನಿನ್ನ ಜೊತೆಗೇ ಮಾತಾಡುತ್ತಿದ್ದಾಳೆ. ನಾನು ಹೊರಗೆ ನಿನಗೇ ಬರೆಯುತ್ತಿದ್ದೇನೆ. ಅವಳ ಮಾತು ಈಗಲೇ ನಿನ್ನ ಕಿವಿಗೆ ಬಿತ್ತು, ನನ್ನದು ಅಂಚೆಯವನ ಸೈಕಲ್ ಹತ್ತಿ ಬರಬೇಕು. ಅವಳು ಏನು ಹೇಳಿದಳೋ, ‘ಅಯ್ಯೋ ಬಿಡೇ, ನಿಮ್ಮಪ್ಪಂಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ’ ಅಂದಿದ್ದು ಮಾತ್ರ ಕೇಳಿಸಿತು. ಏನು ಅಂತ ಆಮೇಲೆ ಬರೆದು ತಿಳಿಸು.

ನೀನು ಕೇಳಿದ್ದು ಒಂದೇ ಪ್ರಶ್ನೆ: ಡಾಕ್ಟರು ಏನಂದರು, ಧ್ವನಿ ವಾಪಸ್ಸು ಬರುತ್ತಾ, ಮತ್ತೆ ಹರಾಜು ಕೂಗಬಹುದಾ. ಅಲ್ಲಿಗೇ ಬರುತ್ತೇನೆ, ಸ್ವಲ್ಪ ತಾಳು. ಇದೇ ಪ್ರಶ್ನೆಯನ್ನು ಬೀದಿಯವರೆಲ್ಲ ಕೇಳಿ ಕೇಳಿ ನನ್ನ ಸ್ಲೇಟು ಸವೆದುಹೋಗಿದೆ. ‘ತರಕಾರಿ ಮಂಡಿಯಲ್ಲಿ ಕೂಗಿ ಕೂಗಿ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಕೊಯ್ದು ತೆಗೆದರು. ಗಾಯ ಒಣಗುವ ತನಕ ಮಾತು ಬಂದ್.’ ಇದನ್ನು ಸ್ಲೇಟಿನ ಹಿಂಬದಿಗೆ ಬಣ್ಣದಲ್ಲೇ ಬರೆಸಿಬಿಟ್ಟಿದ್ದೇನೆ, ಅಂಗಡಿ ಬೋರ್ಡಿನ ಹಾಗೆ. ಪಿಸುಗುಟ್ಟುವ ಹಾಗೂ ಇಲ್ಲ. ಅದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಮಂಡಿಯಲ್ಲಿ ಈಗ ಯಜಮಾನರ ಅಕ್ಕನ ಮಗ ಹರಾಜು ಕೂಗುತ್ತಿದ್ದಾನೆ. ಅವನು ಬಾಯಿ ತೆರೆದರೆ ಟೊಮೆಟೊಗೂ ಆಕಳಿಕೆ ಬರುತ್ತದಂತೆ. ಹಾಗಂತ ಹಮಾಲರು ಬಂದು ಹೇಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ! ಆಮೇಲೆ ಭಯವಾಯಿತು. ಇವತ್ತಲ್ಲ ನಾಳೆ ಅವನೂ ಕಲಿಯುತ್ತಾನಲ್ಲ.

ಮೊದಮೊದಲು ಮನೆಯಲ್ಲಿ ನನ್ನ ಕಾಟ ತಡೆಯುವ ಹಾಗಿರಲಿಲ್ಲ. ಕೂತರೆ ಕೂರಲಾಗದು, ಮಲಗಿದರೆ ನಿದ್ದೆ ಬಾರದು. ಹಜಾರದಿಂದ ಬಚ್ಚಲಿಗೆ, ಬಚ್ಚಲಿನಿಂದ ಹಜಾರಕ್ಕೆ. ಅಮ್ಮನನ್ನು ಕರೆಯಲು ಚಪ್ಪಾಳೆ ತಟ್ಟಿದೆ, ಲೋಟ ಬಡಿದೆ. ಕೊನೆಗೆ ಸೈಕಲ್ ಗಂಟೆಯೊಂದನ್ನು ತಂದು ಕುರ್ಚಿಯ ಕೈಗೆ ಬಿಗಿದೆ. ಒಂದು ದಿನ ಅವಳು ಸೌಟು ಹಿಡಿದೇ ಹೊರಗೆ ಬಂದಳು.

‘ರೀ, ನಿಮ್ಮ ಬಾಯಿ ಮುಚ್ಚಿದ್ರೆ ಕೈ ಮಾತಾಡುತ್ತೆ, ಕೈ ಹಿಡ್ಕೊಂಡ್ರೆ ಕಾಲು ಮಾತಾಡುತ್ತೆ. ಎಲ್ಲಾದ್ರೂ ಹೋಗಿ ಏನಾದ್ರೂ ಕಲೀರಿ. ಇಲ್ಲಾಂದ್ರೆ ನಾನೇ ಹೋಗ್ತೀನಿ!’

ಅವಳೇ ವಿಚಾರಿಸಿ ಬಂದು ನನ್ನನ್ನು ಸೇರಿಸಿದಳು. ಎಲ್ಲಿಗೆ ಅಂತೀಯಾ? ಬುರುಡೆ ಕ್ಲಾಸಿಗೆ! ಒಣಗಿದ ಸೋರೆಬುರುಡೆ ಕೆತ್ತಿ, ಸುಟ್ಟು, ಬಣ್ಣ ಹಾಕಿ ದೀಪ, ಹೂಜಿ, ಡಬ್ಬಿ ಮಾಡುವುದನ್ನು ಕಲಿಸುವ ಶಿಬಿರ. ಹುಟ್ಟಿದಾಗಿನಿಂದ ಬುರುಡೆ ಬಿಟ್ಟುಕೊಂಡು ಬಂದವನಿಗೆ ಈ ವಯಸ್ಸಿನಲ್ಲಿ ಬುರುಡೆ ಕಲಿಸುವವರು ಯಾರಪ್ಪ ಅಂತ ಸ್ಲೇಟಿನಲ್ಲಿ ಬರೆದೆ. ಅಮ್ಮ ಓದಿ, ನಗದೆ, ಒರೆಸಿ ವಾಪಸ್ಸು ಕೊಟ್ಟಳು.

ಕ್ಲಾಸು ನಡೆಯುವುದು ಒಂದು ಹಳೆ ಗ್ಯಾರೇಜಿನಲ್ಲಿ. ನೆಲದ ಮೇಲೆ ಇನ್ನೂ ಎಂಜಿನ್ ಎಣ್ಣೆಯ ಕಲೆ. ಗೋಡೆಯುದ್ದಕ್ಕೂ ಬುರುಡೆಗಳು, ಸಂತೆಯಲ್ಲಿ ಜನ ಸಾಲಾಗಿ ಕೂತ ಹಾಗೆ: ಡೊಳ್ಳುಹೊಟ್ಟೆಯವು, ಕತ್ತು ಉದ್ದದವು, ಸೊಂಟ ಹಿಡಿದುಕೊಂಡವು. ಮೊದಲ ದಿನ ಟೀಚರಮ್ಮ, ‘ಅಲ್ಲಾಡಿಸಿ ನೋಡಿ ಆರಿಸ್ಕೊಳ್ಳಿ. ಒಳಗೆ ಬೀಜ ಗಲಗಲ ಅಂದ್ರೆ ಚೆನ್ನಾಗಿ ಒಣಗಿದೆ ಅಂತ’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಗಾಡಿಗಟ್ಟಲೆ ಸೋರೆಕಾಯಿ ಹರಾಜು ಹಾಕಿದವನು ನಾನು. ನಮ್ಮ ಮಂಡಿಯಲ್ಲಿ ಗಲಗಲ ಅಂದ ಸೋರೆ ದನದ ಪಾಲು! ಇಲ್ಲಿ ಅದಕ್ಕೇ ಮರ್ಯಾದೆ. ನನ್ನ ಪಕ್ಕದಲ್ಲಿ ಕೂರುವ ನರ್ಸಮ್ಮ, ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದವರು, ಒಂದು ಬುರುಡೆ ಎತ್ತಿಕೊಂಡು ಮುಖ ಹಿಂಡಿದರು. ಮೈತುಂಬಾ ಕಪ್ಪು ಬೂಷ್ಟು.

‘ಇದು ಕೊಳೆತಿದೆ ಕಣಮ್ಮ!’

‘ಕೊಳೆತಿಲ್ಲಮ್ಮ, ಒಳಗಿನ ನೀರು ಸಿಪ್ಪೆಯಿಂದ ಹೊರಗೆ ಬಂದಾಗ ಹಾಗಾಗುತ್ತೆ. ನೆನೆಸಿ ಉಜ್ಜಿ, ಬಂಗಾರ ಬರುತ್ತೆ’ ಅಂದರು ಟೀಚರಮ್ಮ.

ಪಾತ್ರೆ ತಿಕ್ಕುವ ಸ್ಟೀಲ್ ನಾರಿನಲ್ಲಿ ಉಜ್ಜಿದೆವು. ನಿಜವಾಗಿಯೂ ಬಂಗಾರವೇ ಬಂತು. ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಚಾಕುವಿನ ತುದಿಯಿಂದ ಒಂದು ಕಿಂಡಿ ಮಾಡಿ, ಅದರೊಳಗೆ ಸಣ್ಣ ಗರಗಸ ತೂರಿಸಿ ಕೊಯ್ಯಬೇಕು. ಧೂಳು ಎದೆಗೆ ಕೆಟ್ಟದ್ದು, ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆ ಹೊತ್ತು ನನಗೆ ಬಹಳ ಸಮಾಧಾನ. ಯಾಕೆಂದರೆ ಆಗ ಎಲ್ಲರೂ ನನ್ನ ಹಾಗೇ.

ಬಟ್ಟೆ ಬಿಚ್ಚಿದ ಕೂಡಲೇ ಮತ್ತೆ ಚಡಪಡಿಕೆ. ನರ್ಸಮ್ಮ ಏನೋ ಹೇಳುತ್ತಾರೆ, ಅದಕ್ಕೊಂದು ಒಳ್ಳೆ ಜೋಕು ನನ್ನ ನಾಲಿಗೆ ತುದಿಯಲ್ಲಿ ಕುಣಿಯುತ್ತದೆ. ಸ್ಲೇಟು ಹುಡುಕಿ, ಬಳಪ ಹುಡುಕಿ, ಒತ್ತಕ್ಷರ ಹಾಕಿ ಎತ್ತಿ ತೋರಿಸುವ ಹೊತ್ತಿಗೆ ಅವರು ಮಗನ ಬಾಡಿಗೆ ಮನೆಯ ವಿಷಯಕ್ಕೆ ಹೋಗಿರುತ್ತಾರೆ. ಜೋಕು ಹಳಸಿ ವಾಸನೆ ಬರುತ್ತಿರುತ್ತದೆ. ‘ಏನು ಸರ್, ಬಾಡಿಗೆಗೂ ಆನೆಗೂ ಏನು ಸಂಬಂಧ?’ ಅಂತ ಕೇಳಿದರು ಒಂದು ಸಲ. ಅದನ್ನು ನಾನು ಹೇಗೆ ಬಿಡಿಸಿ ಬರೆಯಲಿ, ನೀನೇ ಹೇಳು. ಅದಕ್ಕೇ ಬರೆಯುವುದನ್ನೇ ಬಿಟ್ಟೆ. ಸುಮ್ಮನೆ ತಲೆಯಾಡಿಸಿ ಮುಗುಳ್ನಗುತ್ತೇನೆ. ಪರಿಣಾಮ ಏನಾಯಿತು ಗೊತ್ತಾ? ನಾನು ಬಹಳ ಗಂಭೀರ ಮನುಷ್ಯ ಅಂತ ಅಲ್ಲಿ ಹೆಸರಾಗಿದೆ! ನನ್ನನ್ನು ‘ಮೌನಿಗಳು’ ಅಂತ ಕರೆಯುತ್ತಾರೆ. ಟೀಚರಮ್ಮ ತಮ್ಮ ತಂಗಿಯ ಗಂಡನ ಜಗಳದ ವಿಷಯ ನನ್ನ ಹತ್ತಿರ ಹೇಳಿಕೊಂಡರು. ನಾನು ಬುರುಡೆಯ ಒಳಗಿನ ತಿರುಳು ಕೆರೆಯುತ್ತಾ ಎರಡು ಸಲ ತಲೆಯಾಡಿಸಿದೆ. ಮಾರನೇ ವಾರ ಬಂದು, ‘ನೀವು ಹೇಳಿದ ಹಾಗೇ ಮಾಡಿದ್ವಿ ಸರ್, ಎಲ್ಲಾ ಸರಿಹೋಯ್ತು’ ಅಂದರು. ಏನು ಹೇಳಿದೆನೋ ಆ ದೇವರಿಗೇ ಗೊತ್ತು.

ಆಮೇಲೆ ಸುಡುವ ಪೆನ್ನು. ತುದಿಯಲ್ಲಿ ಕಾದ ತಂತಿ, ಅದರಿಂದ ಬುರುಡೆಯ ಮೇಲೆ ಚಿತ್ರ ಬರೆಯಬೇಕು. ಕೈ ಒಂದೇ ಸಮ ಹರಿಯಬೇಕು, ಎಲ್ಲಿ ನಿಂತರೆ ಅಲ್ಲಿ ಕಪ್ಪು ಚುಕ್ಕೆ. ನಾನು ಬಳ್ಳಿ ಬರೆಯಲು ಹೊರಟೆ. ಆದರೆ ಜೋಕು ನೆನಪಾದ ಕಡೆಯೆಲ್ಲ ಕೈ ನಿಂತುಬಿಡುತ್ತದಲ್ಲ! ಬಳ್ಳಿಯ ತುಂಬಾ ಚುಕ್ಕೆ. ಟೀಚರಮ್ಮ ಬಗ್ಗಿ ನೋಡಿ, ‘ಕಾಳುಮೆಣಸಿನ ಬಳ್ಳಿನಾ ಸರ್? ಎಷ್ಟು ಚೆನ್ನಾಗಿದೆ!’ ಅಂದರು. ಹೂಂ ಅಂತ ತಲೆಯಾಡಿಸಿದೆ. ನುಂಗಿದ ಜೋಕುಗಳಮ್ಮ ಅವು, ಅಂತ ಯಾರಿಗೆ ಹೇಳಲಿ.

(ಮಧ್ಯೆ ಎದ್ದು ಹೋಗಿದ್ದೆ. ಬೀದಿಯ ತುದಿವರೆಗೆ ನಡೆದು ಬಂದೆ, ಸುಮ್ಮನೆ. ಬಂದು ನೋಡಿದರೆ ಅಮ್ಮ ಇನ್ನೂ ನಿನ್ನ ಜೊತೆಗೇ ಇದ್ದಾಳೆ. ನಿನ್ನ ಕಿವಿ ಬಿಸಿಯಾಗಲಿಲ್ಲವೇ?)

ಹೋದ ಶನಿವಾರ ಪ್ರದರ್ಶನವಿತ್ತು, ಅಮ್ಮನೂ ಬಂದಿದ್ದಳು. ಎಲ್ಲರೂ ತಾವು ಮಾಡಿದ್ದನ್ನು ಮೇಜಿನ ಮೇಲಿಟ್ಟು ಎದ್ದು ನಿಂತು ಎರಡು ಮಾತಾಡಬೇಕು. ನನ್ನದು ದೀಪ. ಬಳ್ಳಿಯ ನಡುವೆ ಡ್ರಿಲ್ಲಿನಲ್ಲಿ ತೂತು ಕೊರೆದಿದ್ದೆ. ಒಳಗೆ ಬಲ್ಬು ಹಾಕಿದಾಗ ಗೋಡೆಯ ಮೇಲೆಲ್ಲ ಬೆಳಕಿನ ಚುಕ್ಕೆ ಚೆಲ್ಲಿತು, ಜನ ಆಹಾ ಅಂದರು. ನನ್ನ ಸರದಿ ಬಂದಾಗ ಟೀಚರಮ್ಮ, ‘ಸರ್ ಮಾತಾಡೋ ಹಾಗಿಲ್ಲ. ಅಮ್ಮಾ, ಅವರ ಪರವಾಗಿ ನೀವೇ ಹೇಳಿ’ ಅಂತ ನಿಮ್ಮಮ್ಮನ ಕೈಗೆ ಮೈಕು ಕೊಟ್ಟರು.

‘ನಾನಾ? ಅಯ್ಯೋ, ಮಾತು ಇವರ ಇಲಾಖೆ. ನನ್ನದೇನಿದ್ರೂ ಹೂಂಗುಟ್ಟೋ ಇಲಾಖೆ’ ಅಂದಳು. ಜನ ನಕ್ಕರು. ಆ ನಗು ಕೇಳಿ ಅವಳು ಮೈಕನ್ನು ಇನ್ನೊಂದು ಚೂರು ಹತ್ತಿರ ಹಿಡಿದುಕೊಂಡಳು.

‘ಇವರಿಗೆ ಆಪರೇಷನ್ ಆಗಿದ್ದು ಗಂಟಲಿಗೆ, ಹುಚ್ಚು ಹಿಡಿದಿದ್ದು ಕೈಗೆ. ಕುರ್ಚಿಗೆ ಸೈಕಲ್ ಗಂಟೆ ಕಟ್ಕೊಂಡಿದ್ರು. ಟ್ರಿಣ್ ಅಂದ್ರೆ ನೀರು, ಟ್ರಿಣ್ ಟ್ರಿಣ್ ಅಂದ್ರೆ ಟೀ. ಒಂದು ದಿನ ಬೆಳಗಿಂದ ಗಂಟೆನೇ ಇಲ್ಲ. ನನಗೆ ಎದೆ ಧಸಕ್ ಅಂತು. ಏನಾಯ್ತೋ ಅಂತ ಕೈ ಕೂಡ ತೊಳೀದೆ ಓಡಿ ಬಂದೆ...’

ಅಲ್ಲಿ ನಿಲ್ಲಿಸಿದಳು. ಗುಬ್ಬಿ, ಎಷ್ಟು ನಿಲ್ಲಿಸಬೇಕೋ ಅಷ್ಟೇ. ಮೂರನೇ ಸಲ ಕೂಗುವ ಮೊದಲು ನಾನು ಮಂಡಿಯಲ್ಲಿ ನಿಲ್ಲಿಸುತ್ತಿದ್ದೆನಲ್ಲ, ಸರಿಯಾಗಿ ಅಷ್ಟು.

‘ಗಂಟೆಗೆ ಎಣ್ಣೆ ಬಿಡ್ತಾ ಕೂತಿದ್ರು!’

ಗ್ಯಾರೇಜು ಹಾರಿಹೋಗುವ ಹಾಗೆ ನಕ್ಕರು. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಾ, ‘ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲಮ್ಮಾ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?’ ಅಂದರು.

‘ಇವರ ಹಿಂದೆ’ ಅಂದಳು ಅಮ್ಮ.

ಮತ್ತೆ ನಗು. ನಾನೂ ನಕ್ಕೆ, ಸದ್ದಿಲ್ಲದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು. ಶಾಲೆಯಲ್ಲಿ ನಾಟಕಕ್ಕೆ ಸೇರಿದ್ದಳಂತೆ, ಮುದುಕಿ ಪಾತ್ರ, ಇವಳು ಕೆಮ್ಮಿದರೆ ಸಾಕು ಮೇಷ್ಟ್ರೂ ನಗುತ್ತಿದ್ದರಂತೆ. ನನಗೆ ಇದೆಲ್ಲ ಹೊಸ ಸುದ್ದಿ. ಆಮೇಲೆ, ‘ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮದುವೆಯಾದ ಮೇಲೆ ಇದೇ ಮೊದಲು, ಮನೇಲಿ ನನ್ನ ಧ್ವನಿ ನನಗೇ ಕೇಳಿಸ್ತಿದೆ’ ಅಂದಳು. ಕೂಡಲೇ ನನ್ನ ಕೈಮೇಲೆ ಕೈಯಿಟ್ಟು, ‘ಹಾಗಂತ ನಿಮಗೆ ವಾಸಿ ಆಗ್ಬಾರ್ದು ಅಂತಲ್ಲ ಮತ್ತೆ’ ಅಂತ ಸೇರಿಸಿದಳು. ನಾನು ಸ್ಲೇಟು ತೆಗೆದೆ. ಬಳಪವೂ ಕೈಯಲ್ಲಿತ್ತು. ಏನು ಬರೆಯಬೇಕೋ ತೋಚುವಷ್ಟರಲ್ಲಿ ನಮ್ಮ ಸ್ಟಾಪು ಬಂತು.

ಡಾಕ್ಟರ ವಿಷಯ ಬರೆಯುತ್ತೇನೆ ಅಂದಿದ್ದೆ. ಹಾಳೆ ಮುಗಿಯುತ್ತಾ ಬಂತು, ಕೈಯೂ ನೋಯುತ್ತಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಜೋಕಿಗೆ ನಗು ಬರದಿದ್ದರೂ ದಿನಕ್ಕೊಂದಕ್ಕೆ ನಗು, ಎರಡನೆಯದಕ್ಕೆ ಬೇಡ, ರೂಢಿಯಾಗುತ್ತದೆ. ನಿಮ್ಮ ಮನೆಯಲ್ಲಿ ಇಬ್ಬರ ಮಾತೂ ನಡೆಯಲಿ, ನೂರು ವರ್ಷ ತಣ್ಣಗಿರಿ.

ಇಂತಿ ನಿನ್ನ
ಬಾಯಿಬಡುಕ ಅಪ್ಪ
(ಸದ್ಯಕ್ಕೆ ಮೌನಿ)

ಮರೆತ ಮಾತು: ಮರೆತಿದ್ದಲ್ಲ ಗುಬ್ಬಿ, ಬರೆಯಲು ಧೈರ್ಯ ಬಂದಿರಲಿಲ್ಲ. ಪ್ರದರ್ಶನಕ್ಕೂ ಮೊದಲು, ಅದೇ ವಾರದ ಸೋಮವಾರವೇ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ‘ಪೂರ್ತಿ ಒಣಗಿದೆ, ಇನ್ನು ಮಾತಾಡಿ. ಮೈಕು ಇಟ್ಕೊಂಡು ಹರಾಜೂ ಕೂಗಬಹುದು’ ಅಂದರು. ಮೈಕು ತಾವೇ ಕೊಡಿಸುವುದಾಗಿ ಯಜಮಾನರೂ ಹೇಳಿದ್ದಾರೆ. ಅಮ್ಮನಿಗೆ ಮೊದಲು ಹೇಳಬೇಕು ಅಂತ ಓಡಿಕೊಂಡೇ ಮನೆಗೆ ಬಂದೆ. ಕದ ತೆರೆದಿತ್ತು. ಅಡುಗೆಮನೆಯಲ್ಲಿ ಅವಳೊಬ್ಬಳೇ ಹಾಡಿಕೊಳ್ಳುತ್ತಿದ್ದಳು. ಗುನುಗುವುದಲ್ಲ, ಬಾಯಿ ತುಂಬಾ ಹಾಡು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತೆ. ನನ್ನನ್ನು ಕಂಡು ಹಾಡು ನಿಲ್ಲಿಸಿ, ‘ಡಾಕ್ಟ್ರು ಏನಂದ್ರು?’ ಅಂದಳು. ‘ಇನ್ನೂ ಸ್ವಲ್ಪ ದಿನ’ ಅಂತ ಕೈಸನ್ನೆ ಮಾಡಿದೆ. ಇಷ್ಟು ವರ್ಷ ಬಾಯಿ ಬಿಟ್ಟು ಬುರುಡೆ ಬಿಟ್ಟವನು, ಈಗ ಬಾಯಿ ಮುಚ್ಚಿಕೊಂಡು ಬಿಡುತ್ತಿದ್ದೇನೆ. ಒಂದನೇ ತಾರೀಖಿಗೆ ಮಂಡಿಗೆ ಹೋಗಲೇಬೇಕು, ಅಷ್ಟರೊಳಗೆ ಹೇಳುತ್ತೇನೆ. ನೀನು ಹೇಳಬೇಡ. ಅವಳು ಹಾಡುತ್ತಾಳೆ ಅಂತ ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ? ಅಥವಾ ನೀನು ಹೇಳಿದ್ದೆಯಾ, ಆಗ ನಾನು ಮಾತಾಡುತ್ತಿದ್ದೆನಾ?